ಅವ್ವಗ ಬೆಡ್‌ಸೋರ್ ಆಗೇತಿ, ಗಾಜ್ ಹಾಕೂದೊ ಫೋಮ್ ಹಾಕೂದೊ? ತಿಳದಾವ್ರು ಹೇಳ್ರಿ

ರಾಯಬಾಗ ಮಲ್ಲು:
ಎಲ್ಲಾರಿಗೂ ನಮಸ್ಕಾರ ರೀ. ನಮ್ಮ ಅವ್ವಗ ದೀಪಾವಳಿ ಮುಂದ ಲಕ್ವಾ ಹೊಡದು ಬಲಗೈ ಬಲಗಾಲ ಬಿದ್ದಾವ, ಶುಗರ್ ಮದ್ಲಿಂದನೂ ಐತಿ. ಈಗ ಟೊಂಕದ ಕೆಳಗ ಬಾಲದ ಎಲುಬ ಇರ್ತೈತಲ್ಲ, ಅದರ ಮ್ಯಾಲ ಹುಣ್ಣ ಆಗೇತಿ. ಮದ್ಲ ಬರೇ ಕೆಂಪಗ ಇತ್ತು, ಆಮ್ಯಾಲ ತೊಗಲ ಸುಲದು ಈಗ ತೆಗ್ಗ ಬಿದ್ದೈತಿ, ಎರಡ ಬೆರಳ ಅಗಲ ಇರಬೇಕ. ಎಡಗಾಲ ಹಿಮ್ಮಡಕೂ ಒಂದ ಕರೀ ಕಲಿ ಬಿದ್ದೈತಿ. ಊರಾಗಿನ ಕಂಪೌಂಡರ್ ಬಂದು ದಿನಾ ಬೆಟಾಡಿನ್ ಹಾಕಿ ಗಾಜ್, ಅಂದ್ರ ಜಾಳ ಹತ್ತಿ ಬಟ್ಟಿ, ಇಟ್ಟ ಪಟ್ಟಿ ಕಟ್ಟಿ ಹೋಗ್ತಾರ, ಪಟ್ಟಿ ಕೀಳೂ ಮುಂದ ಅವ್ವ ಚೀರ್ತಾಳ, ಕೇಳಾಕ ಆಗೂದಿಲ್ರಿ. ಚಿಕ್ಕೋಡಿಗೆ ಹೋದಾಗ ಮೆಡಿಕಲ್ ಅಂಗಡ್ಯಾಗ ಕೇಳಿದ್ರ ಫೋಮ್ ಅಂತ, ಜೆಲ್ ಅಂತ, ಬೆಳ್ಳಿ ಇದ್ದದ್ದ ಅಂತ, ನಾಕ ನಮೂನಿ ತೋರಿಸಿದ್ರು, ರೇಟ್ ಕೇಳಿ ವಾಪಸ್ ಬಂದ್ನಿ. ರೊಕ್ಕಾ ಹೆಂಗರ ಮಾಡಿ ಹೊಂದಿಸ್ತೀನಿ ಆದ್ರ ಖರೇನ ಯಾವದು ಛಲೋ ಅಂತ ಗೊತ್ತಾಗಬೇಕಲ್ರಿ.

ಮುಧೋಳ ಕಬ್ಬಿನಗದ್ದಿ:
ಮಲ್ಲಣ್ಣಾ, ತುಟ್ಟಿ ಸಾಮಾನ ಎಲ್ಲಾ ಅಂಗಡಿಯವ್ರ ಧಂದೆ. ನಮ್ಮ ಮುತ್ಯಾಗ ಆಗಿದ್ದಾಗ ಬೇವಿನ ತೊಪ್ಪಲ ಕುದಿಸಿದ ನೀರಾಗ ತೊಳದು, ಅರಿಷಿಣ ಕೊಬ್ರಿ ಎಣ್ಣಿ ಕಲಿಸಿ ಹಚ್ಚತಿದ್ರು. ಗಾಳಿಗೆ ಬಿಟ್ಟು ಒಣಗಿಸ್ರಿ, ಒಣಗಿದ್ರ ತಾನ ಮಾಯ್ತೈತಿ.

ಬಾಗಲಕೋಟಿ ಸಿಸ್ಟರ್:
ಮಲ್ಲು ತಮ್ಮಾ, ನಾನು ಸರ್ಜಿಕಲ್ ವಾರ್ಡಿನ್ಯಾಗ ಸ್ಟಾಫ್ ನರ್ಸ್ ಆಗಿ ರಿಟೈರ್ ಆದಾಕಿ, ಹಿಂತಾ ಹುಣ್ಣ ರಗಡ ನೋಡೀನಿ. ಡ್ರೆಸ್ಸಿಂಗ್ ಮಾತ ಆಮ್ಯಾಲ. ಮದ್ಲ ಇದನ್ನ ಹೇಳು, ಅವ್ವ ಯಾವದರ ಮ್ಯಾಲ ಮಲಗ್ಯಾರ, ಮಗ್ಗಲ ಯಾವಾಗ ಯಾವಾಗ ಬದಲಿ ಮಾಡ್ತೀರಿ, ರಾತ್ರಿ ಯಾರ ಮಾಡ್ತಾರ? ಈ ಹುಣ್ಣ ಆಗೂದ ಎಲುಬಿಗೂ ಹಾಸಿಗಿಗೂ ನಡುವ ಮಾಂಸ ಒತ್ತಿ ಅಲ್ಲಿ ರಗತ ಹರದಾಡೂದ ಬಂದ್ ಆಗಿ. ಆ ಒತ್ತ ತಗೀಲಾರ್ದ ಮ್ಯಾಲ ಎಂತಾ ತುಟ್ಟಿ ಪಟ್ಟಿ ಹಚ್ಚಿದ್ರೂ ಟೈರಿನ್ಯಾಗಿನ ಮುಳ್ಳ ಕೀಳಲಾರ್ದ ಪಂಕ್ಚರ್ ಹಚ್ಚಿದಂಗ ಆಗ್ತೈತಿ.

ಎರಡ ತಾಸಿಗೊಮ್ಮೆ ಮಗ್ಗಲ ಬದಲಿ ಮಾಡೂದು ಅಂತ ನಮಗ ಕಲಿಸಿದ್ರು, ಛಲೋ ಗಾದಿ ಇದ್ರ ನಾಕ ತಾಸಿನ ತನಕ ನಡೀತೈತಿ ಅಂತಾರ, ಆದ್ರ ಅವ್ವಗ ಆಗಲೇ ಹುಣ್ಣ ಐತಿ ಅಂದ್ರ ಎರಡ ತಾಸ ಹಿಡಿ. ಪೂರಾ ಮಗ್ಗಲಕ್ಕ ಹೊಳ್ಳಿಸಿ ಮಲಗಿಸಬ್ಯಾಡ, ಆವಾಗ ಚಪ್ಪಿ ಎಲುಬಿನ ಮ್ಯಾಲ ಭಾರ ಬಿದ್ದ ಅಲ್ಲೊಂದ ಹೊಸಾ ಹುಣ್ಣ ಆಗ್ತೈತಿ. ಬೆನ್ನಿನ ಹಿಂದ ಒಂದ ತಲಿದಿಂಬ ಕೊಟ್ಟು 30 ಡಿಗ್ರಿ ವಾರಿ ಮಾಡು ಸಾಕು. ಕಾಲಿನ ಮೀನಖಂಡದ ಕೆಳಗ ದಿಂಬ ಕೊಟ್ಟು ಹಿಮ್ಮಡ ಗಾಳ್ಯಾಗ ಇರಬೇಕು, ಹಾಸಿಗಿಗೆ ತಾಗಬಾರದು. ಊಟಾ ಮಾಡಸೂ ಹೊತ್ತ ಬಿಟ್ರ ತಲೀ ಕಡೆ ಭಾಳ ಎತ್ತರ ಮಾಡಬ್ಯಾಡ, ಮೈ ಕೆಳಗ ಜಾರಿ ಜಾರಿ ಒಳಗಿನ ಮಾಂಸ ಹರೀತೈತಿ, ಅದು ಮ್ಯಾಲ ಕಾಣೂದೂ ಇಲ್ಲ.

ಇನ್ನ ಕಬ್ಬಿನಗದ್ದಿಯವ್ರ ಮಾತಿಗೆ. ಒಣಗಿಸಿದ್ರ ಮಾಯ್ತೈತಿ ಅನ್ನೂದ ಹಳೇ ಮಾತ ಆಯ್ತು ತಮ್ಮಾ. 1962ರಾಗ ಜಾರ್ಜ್ ವಿಂಟರ್ ಅನ್ನೋರು ಹಂದಿ ಮೈಮ್ಯಾಲೆ ಪ್ರಯೋಗ ಮಾಡಿ ತೋರಿಸಿದ್ರು, ಹಸೀ ಇಟ್ಟ ಗಾಯದಾಗ ಹೊಸಾ ತೊಗಲ ಒಣಗಿಸಿದ ಗಾಯಕ್ಕಿಂತ ಹತ್ತತ್ರ ಎರಡ ಪಟ್ಟ ಬ್ಯಾಗ ಬರ್ತೈತಿ ಅಂತ. ಈಗಿನ ಡ್ರೆಸ್ಸಿಂಗ್ ಎಲ್ಲಾ ಹುಟ್ಟಿದ್ದ ಆ ವಿಚಾರದಿಂದ. ಹಸೀ ಅಂದ್ರ ಕೆಸರಲ್ಲ ಮತ್ತ, ತೇವ ಇರಬೇಕು, ಸುತ್ತಲಿನ ತೊಗಲ ನೆಂದ ಬೆಳ್ಳಗಾಗಬಾರದು.

ಗುಮ್ಮಟನಗರಿ ಫಾರ್ಮಸಿ:
ನಂದು ವಿಜಾಪುರದಾಗ ಮೆಡಿಕಲ್ ಅಂಗಡಿ ಅದ, ಧಂದೆ ಅಂದಿದ್ದಕ್ಕ ಬೇಜಾರೇನಿಲ್ಲ ಬಿಡ್ರಿ. ಆದ್ರ ಗಿರಾಕಿ ಬಂದು "ಬೆಡ್‌ಸೋರಿಂದ ಛಲೋದು ಕೊಡ್ರಿ" ಅಂದ್ರ ನಾ ಏನ ಕೊಡಲಿ? ಗಾಯ ನೋಡಿಲ್ಲ, ಒಣಾ ಅದನೋ ನೀರ ಸೋರತದನೋ ಗೊತ್ತಿಲ್ಲ. ಯಾವದು ಯಾತಕ್ಕ ಅಂತ ಹೇಳತೀನಿ, ನೀವ ಹೊಂದಿಸಿಕೋರಿ.

ಟ್ರಾನ್ಸ್‌ಪರೆಂಟ್ ಫಿಲ್ಮ್ ಅಂತ ತೆಳ್ಳಗ ಪ್ಲಾಸ್ಟಿಕ್ ಹಾಳಿಯಂತಾದ್ದು, ನೀರ ಹೀರೂದಿಲ್ಲ, ತೊಗಲ ಇನ್ನೂ ಒಡದಿಲ್ಲ ಬರೇ ತಿಕ್ಕಾಟ ತಪ್ಪಸಬೇಕು ಅಂದ್ರ ಅದು. ಹೈಡ್ರೋಕೊಲಾಯ್ಡ್ ಅಂದ್ರ ಡುಯೋಡರ್ಮ್ ಬ್ರ್ಯಾಂಡಿನ ನಮೂನಿ, ತೊಗಲಿನ ಬಣ್ಣದ ದಪ್ಪ ಹಾಳಿ, ಮ್ಯಾಲಿನ ತೊಗಲ ಸುಲದ ಗಾಯಕ್ಕ, ಸ್ವಲ್ಪ ನೀರ ಬರೋದಕ್ಕ. ಹಚ್ಚೂ ಮುಂದ ಅಂಗೈಯಾಗ ಹಿಡದು ಬಿಸಿ ಮಾಡಿ ಹಚ್ಚಬೇಕು, ಗಾಯದ ಅಂಚಿಂದ 2-3 ಸೆಂಟಿಮೀಟರ್ ಹೊರಗ ಬರಬೇಕು, ಮೂರರಿಂದ ಐದ ದಿನ ಮುಟ್ಟಬಾರದು. ತಗದಾಗ ಹಳದಿ ಲೋಳಿ ಕಾಣ್ತದ, ವಾಸನಿನೂ ಬರ್ತದ, ಮಂದಿ ಕೀವ ಆಗ್ಯದ ಅಂತ ಹೆದರಿ ನಮ್ಮ ಅಂಗಡಿಗೆ ಓಡಿ ಬರ್ತಾರ. ಅದು ಡ್ರೆಸ್ಸಿಂಗ್ ಕರಗಿದ್ದು ರೀ, ತೊಳದ ಮ್ಯಾಲೂ ವಾಸನಿ ಹೋಗ್ಲಿಲ್ಲ ಅಂದ್ರ ಆವಾಗ ಹೆದರ್ರಿ. ಫೋಮ್ ಅಂದ್ರ ಸ್ಪಂಜ್, ನೀರ ಜಾಸ್ತಿ ಬರೋದಕ್ಕ, ಬಾಲದ ಎಲುಬಿನ ಆಕಾರಕ್ಕ ಕತ್ತರಿಸಿದ್ದೂ ಬರ್ತಾವ, ಸಿಲಿಕಾನ್ ಅಂಟಿಂದಾದ್ರ ಕೀಳೂ ಮುಂದ ನೋವ ಕಮ್ಮಿ. ಅಲ್ಜಿನೇಟ್ ಅಂದ್ರ ಸಮುದ್ರದ ಪಾಚಿಯಿಂದ ಮಾಡಿದ್ದು, ಹತ್ತಿ ಹಂಗ ಇರ್ತದ, ಭಾಳ ಸೋರೂ ಆಳ ಗಾಯದಾಗ ಇಟ್ರ ನೀರ ಹೀರಿ ಜೆಲ್ ಆಗ್ತದ, ಒಣಾ ಗಾಯಕ್ಕ ಇಟ್ರ ಹತ್ತಿ ಕುಂಡರ್ತದ. ಹೈಡ್ರೋಜೆಲ್ ಇದಕ್ಕ ಉಲ್ಟಾ, ಒಣಗಿ ಹಳದಿ ಪದರ ಕುಂತಿದ್ರ ಅದಕ್ಕ ತೇವ ಕೊಟ್ಟು ಮೆತ್ತಗ ಮಾಡ್ಲಿಕ್ಕೆ.

ಒಂದೊಂದ ಪೀಸಿಗೆ ನೂರಾರ ರೂಪಾಯಿ ಹೋಗ್ತದ ಅನ್ನೂದು ಖರೇ. ಆದ್ರ ದಿನಾ ಎರಡ ಸಲ ಗಾಜ್, ಹತ್ತಿ, ಟೇಪ್, ಬೆಟಾಡಿನ್, ಮ್ಯಾಲ ಕಂಪೌಂಡರ್ ಬಂದ ಹೋದ ಪಗಾರ, ಎಲ್ಲಾ ಕೂಡಿಸಿ ವಾರದ ಲೆಕ್ಕಾ ಹಾಕಿ ನೋಡ್ರಿ ಮತ್ತ.

ಇಂಡಿ ಇಂಜಿನಿಯರ್:
ಫಾರ್ಮಸಿ ಸರ ಛಲೋ ಹೇಳಿದ್ರಿ, ಆದ್ರ ಒಂದ ಮಾತ. ನಮ್ಮ ಕಾಕಾಗ ಆಗಿದ್ದಾಗ ನಾ ಇದರ ಮ್ಯಾಲ ಕುಂತ ಓದಿದ್ದೆ. ಕಾಕ್ರೇನ್ ಅಂತ ಒಂದ ಸಂಸ್ಥೆ ಅದ, ಜಗತ್ತಿನ ಎಲ್ಲಾ ಪ್ರಯೋಗ ಒಟ್ಟ ಹಾಕಿ ತೂಗಿ ಹೇಳ್ತಾರ. 2017ರಾಗ ಅವ್ರು ಬೆಡ್‌ಸೋರಿಗೆ ಹಚ್ಚೂ ಡ್ರೆಸ್ಸಿಂಗ್ ಮುಲಾಮ ಎಲ್ಲಾ ಸೇರಿಸಿ 51 ಪ್ರಯೋಗ, 2947 ಮಂದಿ ರೋಗಿಗಳ ಲೆಕ್ಕಾ ನೋಡಿದ್ರು, ಒಂದಕ್ಕೊಂದು ಹೋಲಿಸಿ ಯಾವದು ಮ್ಯಾಲ ಯಾವದು ಕೆಳಗ ಅಂತ ಪಟ್ಟಿ ಮಾಡಾಕ ಹೋದ್ರು. ಕಡಿಗೆ ಬಂದದ್ದೇನು, ಇಂಥಾದ್ದ ಎಲ್ಲಾದಕ್ಕಿಂತ ಛಲೋ ಅಂತ ಗ್ಯಾರಂಟಿ ಹೇಳಾಕ ಬರೂದಿಲ್ಲ ಅಂತ! ಹೆಚ್ಚಿನ ಪ್ರಯೋಗ ಸಣ್ಣವು, ಮಾಡಿದ ಪದ್ಧತಿನೂ ಅಷ್ಟಕ್ಕಷ್ಟ. ಅಂದ ಮ್ಯಾಲ ಬಡವ್ರ ಕೈಲೆ ತುಟ್ಟಿ ಫೋಮ್ ಯಾಕ ತರಸ್ತೀರಿ, ಗಾಜ್ ಹಾಕಿದ್ರ ಆತಲ್ಲ.

ಬಾಗಲಕೋಟಿ ಸಿಸ್ಟರ್:
ಇಂಜಿನಿಯರ್ ಸಾಹೇಬ್ರ, ನೀವ ಓದಿದ್ದ ಬರೋಬ್ಬರಿ ಐತಿ, ತಗದ ಅರ್ಥ ಮಾತ್ರ ನಂಗ ಪಟಲಿಲ್ಲ. ಯಾವದು ಗೆದ್ದೈತಿ ಅಂತ ಗೊತ್ತಿಲ್ಲ ಅನ್ನೂದಕ್ಕೂ ಎಲ್ಲಾ ಒಂದ ಅನ್ನೂದಕ್ಕೂ ಭಾಳ ಫರಕ ಐತಿ. ಇಂಗ್ಲೆಂಡಿನ್ಯಾಗ ಯಾವ ರೋಗಕ್ಕ ಹೆಂಗ ಉಪಚಾರ ಮಾಡಬೇಕಂತ ಹೇಳೂ ನೈಸ್ ಸಂಸ್ಥೆ 2014ರಾಗ ಕೊಟ್ಟ ಸೂಚನೆದಾಗ ದೊಡ್ಡವ್ರ ಬೆಡ್‌ಸೋರಿಗೆ ಗಾಜ್ ಡ್ರೆಸ್ಸಿಂಗ್ ಕೊಡಬ್ಯಾಡ್ರಿ ಅಂತ ಸೀದಾ ಬರದಾರ, ಬೆಚ್ಚಗ ತೇವ ಇಡೂ ಅಂತಾದ್ದ ಹಾಕ್ರಿ ಅಂದಾರ. ಅಮೆರಿಕಾದ ಫಿಜಿಷಿಯನ್ನರ ಸಂಘ 2015ರಾಗ ಹೈಡ್ರೋಕೊಲಾಯ್ಡ್ ಇಲ್ಲಾ ಫೋಮ್ ಹಾಕ್ರಿ ಅಂತು, ಅದರ ಜೋಡಿನ ಪುರಾವೆ ಗಟ್ಟಿ ಇಲ್ಲ ಅಂತನೂ ಒಪ್ಪಿಕೊಂಡ್ರು. ಅಂದ್ರ ಎಲ್ಲಾರೂ ಇದ್ದದ್ದರಾಗ ಅಂದಾಜ ಮಾಡಿ ಹೇಳಾಕತ್ತಾರ.

ನಾ ವಾರ್ಡಿನ್ಯಾಗ ನೋಡಿದ ಮಾತ ಹೇಳ್ತೀನಿ. ಒಣಾ ಗಾಜ್ ಗಾಯಕ್ಕ ಹತ್ತಿ ಕುಂಡರ್ತೈತಿ, ಕೀಳೂ ಮುಂದ ಆಗಷ್ಟ ಹುಟ್ಟಿದ ಕೆಂಪ ಮಾಂಸನೂ ಕಿತಗೊಂಡ ಬರ್ತೈತಿ, ಮಲ್ಲು ಅವ್ವ ಚೀರೂದ ಅದಕ್ಕ. ದಿನಾ ಎರಡ ಸಲ ಗಾಯ ತೆರದ ಇಟ್ಟು ತಣ್ಣಗ ಮಾಡಿ ಮತ್ತ ಮುಚ್ಚೂದು, ಮಾಯೂದ ಯಾವಾಗ? ರೊಕ್ಕಾ ಇಲ್ಲ ಅಂದ್ರ ಗಾಜನ ಬಳಸ್ರಿ, ಬ್ಯಾಡ ಅನ್ನೂದಿಲ್ಲ, ನಮ್ಮ ಹಳ್ಳ್ಯಾಗ ಸಿಗೂದ ಅದು. ಆದ್ರ ಬಳಸೂ ರೀತಿ ಬ್ಯಾರೆ ಐತಿ, ಆಮ್ಯಾಲ ಹೇಳ್ತೀನಿ.

ಮಲ್ಲು, ನೀ ಇನ್ನೂ ಹೇಳ್ಲಿಲ್ಲ, ಗಾಯದ ತಳ ಯಾವ ಬಣ್ಣ ಐತಿ? ಎಷ್ಟ ಆಳ? ಪಟ್ಟಿ ಎಷ್ಟ ಹಸಿ ಆಗಿರ್ತೈತಿ?

ರಾಯಬಾಗ ಮಲ್ಲು:
ಅಕ್ಕಾರ, ಇವತ್ತ ಪಟ್ಟಿ ಬಿಚ್ಚೂ ಮುಂದ ಛಲೋತಂಗ ನೋಡ್ಯಾನಿ. ಅರ್ಧ ಕೆಂಪಗ ಐತಿ, ನಡುವ ಹಳದಿ ಬಣ್ಣದ್ದ ಒಂದ ಪದರ ಐತಿ, ತೊಳದ್ರ ಹೋಗೂದಿಲ್ಲ. ಆಳ ಅಂದ್ರ ಕಿರಿಬೆರಳಿನ ಉಗರ ಮುಳಗೂವಷ್ಟ. ಪಟ್ಟಿ ಸಂಜೀಕ ಪೂರಾ ತೊಯ್ದಿರ್ತೈತಿ. ಸ್ವಲ್ಪ ವಾಸನಿ ಐತಿ. ಜ್ವರಾ ಇಲ್ಲ. ಹಾಸಿಗಿ ಅಂದ್ರ ಹೊರಸಿನ ಮ್ಯಾಲ ಹತ್ತಿ ಗಾದಿ, ಅದರ ಮ್ಯಾಲ ರಬ್ಬರ್ ಶೀಟ್, ಮ್ಯಾಲ ಕೌದಿ. ಹಗಲಿ ನಮ್ಮ ಮನಿಯಾಕಿ ಹೊಳ್ಳಸ್ತಾಳ, ರಾತ್ರಿ ಹತ್ತಕ್ಕ ಮಲಗಿಸಿದ್ರ ಮುಂಜಾನೆ ಐದಕ್ಕ ನೋಡೂದ್ರಿ.

ಸರ್ಜರಿ ಪಿಜಿ:
ನಾನು ಮಂಡ್ಯ ಕಡೆಯವನು, ಬೆಳಗಾವಿಯಲ್ಲಿ ಸರ್ಜರಿ ಪಿಜಿ ಮಾಡ್ತಿದ್ದೀನಿ, ನಿಮ್ಮ ಭಾಷೆ ಅರ್ಥ ಆಗುತ್ತೆ ಬರೆಯೋಕೆ ಬರಲ್ಲ, ಕ್ಷಮಿಸಿ. ಸಿಸ್ಟರ್ ಹೇಳಿದ್ದು ಸರಿ ಇದೆ, ನಾನು ಮೂರ್ನಾಲ್ಕು ವಿಷಯ ಮಾತ್ರ ಸೇರಿಸ್ತೀನಿ.

ಆ ಹಳದಿ ಪದರಕ್ಕೆ ಸ್ಲಫ್ ಅಂತೀವಿ, ಸತ್ತ ಮಾಂಸ ಅದು. ಅದು ಕೂತಿರೋವರೆಗೂ ಗಾಯ ತುಂಬಲ್ಲ, ಅದರ ಕೆಳಗೆ ನಿಜವಾದ ಆಳ ಎಷ್ಟಿದೆ ಅಂತಾನೂ ಗೊತ್ತಾಗಲ್ಲ. ಬೆಡ್‌ಸೋರ್ ಆಳನ ನಾಲ್ಕು ಹಂತದಲ್ಲಿ ಹೇಳ್ತೀವಿ, ತಳದಲ್ಲಿ ಕೊಬ್ಬು ಕಾಣಿಸಿದ್ರೆ 3ನೇ ಹಂತ, ಸ್ನಾಯು ಮೂಳೆ ಕಾಣಿಸಿದ್ರೆ 4ನೇ ಹಂತ. ಶುಗರ್ ಇರೋ ಪೇಷಂಟ್‌ಗೆ ಇದನ್ನ ಒಂದು ಸಲ ಸರ್ಜನ್ ಕೈಯಲ್ಲಿ ತೋರಿಸಲೇಬೇಕು, ಬೆಳಗಾವಿವರೆಗೂ ಬರೋಕೆ ಆಗದಿದ್ರೆ ತಾಲೂಕು ಆಸ್ಪತ್ರೆಯಲ್ಲಾದ್ರೂ. ಮನೆಯಲ್ಲಿ ಬ್ಲೇಡ್ ಕತ್ತರಿ ಹಿಡಿದು ಕೆರೆಯೋಕೆ ಹೋಗ್ಬೇಡಿ. ಸ್ವಲ್ಪ ಸ್ವಲ್ಪ ಆಗಿದ್ರೆ ತೇವ ಇಡೋ ಡ್ರೆಸ್ಸಿಂಗ್‌ನಲ್ಲೇ ಮೆತ್ತಗಾಗಿ ತಾನಾಗೇ ಕಳಚುತ್ತೆ, ಜಾಸ್ತಿ ಇದ್ರೆ ನಾವು ಕತ್ತರಿಸಿ ತೆಗೀತೀವಿ, ಆಳವಾದ ಗಾಯ ಶುದ್ಧ ಆದ್ಮೇಲೆ ಕೆಲವರಿಗೆ ವ್ಯಾಕ್ ಅನ್ನೋ ಹೀರೋ ಮಷಿನ್ ಹಾಕ್ತೀವಿ.

ಹಿಮ್ಮಡಿ ವಿಷಯ ಇದಕ್ಕೆ ತದ್ವಿರುದ್ಧ. ಅಲ್ಲಿರೋ ಕಪ್ಪು ಕಲೆ ಒಣಗಿ ಗಟ್ಟಿಯಾಗಿ ಅಂಟಿಕೊಂಡಿದ್ರೆ, ಸುತ್ತ ಕೆಂಪು ಊತ ಇಲ್ಲದಿದ್ರೆ, ಅದನ್ನ ಮುಟ್ಟಬೇಡಿ, ಜೆಲ್ ಹಾಕಿ ನೆನೆಸಬೇಡಿ. ಅದೇ ಸದ್ಯಕ್ಕೆ ಮುಚ್ಚಳ. ಒಣಗಿಸಿಡಿ, ಹಾಸಿಗೆಗೆ ತಾಗದ ಹಾಗೆ ನೋಡ್ಕೊಳ್ಳಿ, ದಿನಾ ಒತ್ತಿ ನೋಡಿ, ಮೆತ್ತಗಾದ್ರೆ ಅಥವಾ ಅಂಚಿಂದ ಕೀವು ಬಂದ್ರೆ ಅವತ್ತೇ ಕರ್ಕೊಂಡು ಬನ್ನಿ. ಪಾದದಲ್ಲಿ ರಕ್ತ ಸಂಚಾರ ಹೇಗಿದೆ ಅಂತ ನಾಡಿ ಹಿಡಿದು ನೋಡೋ ಡಾಕ್ಟರ್ ಹತ್ರ ತೋರಿಸಿ.

ಆಂಟಿಬಯೋಟಿಕ್ ಬಗ್ಗೆ. ಎಲ್ಲಾ ಬೆಡ್‌ಸೋರ್ ಮೇಲೂ ಬ್ಯಾಕ್ಟೀರಿಯಾ ಇರುತ್ತೆ, ಸುಮ್ನೆ ಹತ್ತಿ ಕಡ್ಡಿಯಲ್ಲಿ ಒರೆಸಿ ಸ್ವಾಬ್ ತೆಗೆದು ಯಾವ ಬ್ಯಾಕ್ಟೀರಿಯಾ ಬೆಳೆಯುತ್ತೆ ಅಂತ ಲ್ಯಾಬ್‌ಗೆ ಕಲ್ಚರ್ ಕಳಿಸಿದ್ರೆ ಏನಾದ್ರೂ ಬಂದೇ ಬರುತ್ತೆ, ಅದನ್ನ ನೋಡಿ ಮಾತ್ರೆ ನುಂಗಿಸೋದು ತಪ್ಪು. ಜ್ವರ ಬಂದ್ರೆ, ಗಾಯದ ಸುತ್ತ ಕೆಂಪು ಹರಡ್ತಾ ಹೋದ್ರೆ, ಮೂಳೆ ತಾಗಿದ್ರೆ, ಪೇಷಂಟ್ ಮಂಕಾದ್ರೆ, ಶುಗರ್ ಇದ್ದಕ್ಕಿದ್ದಂತೆ ಏರಿದ್ರೆ ಆಗ ಕಾಯಬೇಡಿ.

ಮುಧೋಳ ಕಬ್ಬಿನಗದ್ದಿ:
ಡಾಕ್ಟ್ರ, ಬೆಟಾಡಿನ್ ಹಾಕೂದು ತಪ್ಪ ಐತೇನ್ರಿ ಹಂಗಾದ್ರ? ಎಲ್ಲಾ ದವಾಖಾನ್ಯಾಗೂ ಅದನ್ನ ಹಾಕ್ತಾರಲ್ರಿ.

ಸರ್ಜರಿ ಪಿಜಿ:
ಸೋಂಕಿರೋ ಗಾಯಕ್ಕೆ ಸ್ವಲ್ಪ ದಿನ ಹಾಕೋದು ಬೇರೆ. ಶುದ್ಧವಾಗಿ ಕೆಂಪಗಿರೋ ಗಾಯಕ್ಕೆ ತಿಂಗಳುಗಟ್ಟಲೆ ದಿನಾ ಸುರಿಯೋದ್ರಿಂದ ಹೊಸದಾಗಿ ಹುಟ್ಟೋ ಜೀವಕೋಶಕ್ಕೂ ಏಟು ಬೀಳುತ್ತೆ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಅಂತೂ ಬೇಡವೇ ಬೇಡ, ನೊರೆ ಬಂದ್ರೆ ಕ್ಲೀನ್ ಆಯ್ತು ಅಂತ ಜನ ಖುಷಿ ಪಡ್ತಾರೆ. ತೊಳೆಯೋಕೆ ಸಲೈನ್, ಅಂದ್ರೆ ಉಪ್ಪು ನೀರು, ಸಾಕು.

ಬಾಗಲಕೋಟಿ ಸಿಸ್ಟರ್:
ಡಾಕ್ಟ್ರು ಹೇಳಿದ್ದ ಆತು. ಮಲ್ಲು, ಈಗ ಕೇಳು. ಅವ್ವನ ಗಾಯ ಸೋರಾಕತ್ತೈತಿ, ಆಳ ಐತಿ, ನಡುವ ಹಳದಿ ಐತಿ. ಅದಕ್ಕ ಹೈಡ್ರೋಕೊಲಾಯ್ಡ್ ಬ್ಯಾಡ, ಒಂದ ದಿನದಾಗ ತೊಯ್ದ ಕಿತ್ತ ಬರ್ತೈತಿ, ವಾಸನಿನೂ ಐತಿ ಅಂತಿ, ಸೋಂಕ ಇರೂ ಗಾಯನ ಗಾಳಿ ಆಡಲಾರದಂಗ ಮುಚ್ಚಬಾರದು. ಫಿಲ್ಮೂ ಬ್ಯಾಡ. ಸರ್ಜನ್ ನೋಡಿ ಹೂಂ ಅಂದ್ರ ಒಳಗ ಅಲ್ಜಿನೇಟ್, ಮ್ಯಾಲ ಫೋಮ್, ಇದು ಹೊಂದತೈತಿ. ಅಲ್ಜಿನೇಟ್ ಸಡಲ ತುಂಬಬೇಕು, ತುರಕಬಾರದು, ಗಟ್ಟಿ ತುರಕಿದ್ರ ಅದೂ ಒತ್ತನ ಆತು. ಮುಂದ ಸೋರೂದ ಕಮ್ಮಿ ಆಗಿ ತಳ ಪೂರಾ ಕೆಂಪ ಆದಾಗ ಅಲ್ಜಿನೇಟ್ ಬಿಟ್ಟ ಬರೇ ಫೋಮ್, ಇನ್ನೂ ಮ್ಯಾಲ ಬಂದು ತೆಳ್ಳಗ ಉಳದಾಗ ಹೈಡ್ರೋಕೊಲಾಯ್ಡ್. ಗಾಯ ಬದಲಾದಂಗ ಡ್ರೆಸ್ಸಿಂಗೂ ಬದಲ ಆಗಬೇಕು, ನೀವೆಲ್ಲಾ ಒಂದ ಹೆಸರ ಹೇಳ್ರಿ ಅಂತೀರಿ, ನಾ ಯಾವ ಹೆಸರ ಹೇಳ್ಲಿ?

ತರಾಕ ಆಗೂದಿಲ್ಲ ಅಂದ್ರ ಗಾಜ್ ಹಿಂಗ ಹಾಕು. ಸಲೈನ್‌ದಾಗ ಅದ್ದಿ ಛಲೋತಂಗ ಹಿಂಡು, ನೀರ ತೊಟ್ಟಿಕ್ಕಬಾರದು. ಬಿಡಿಸಿ ಹೂವಿನಷ್ಟ ಹಗರಕ ತೆಗ್ಗಿನ್ಯಾಗ ಇಡು, ಗಾಯದ ಹೊರಗಿನ ತೊಗಲಿಗೆ ಬರಬಾರದು. ಮ್ಯಾಲ ಒಣಾ ಪ್ಯಾಡ್. ಒಣಗೂಕಿಂತ ಮದ್ಲ ಬದಲಿ ಮಾಡು, ದಿನಕ್ಕ ಎರಡ ಸಲ, ನಿಮ್ಮ ಕಡೆ ಬ್ಯಾಸಗ್ಯಾಗ ಮೂರೂ ಆಗಬಹುದು. ಹತ್ತಿದ್ರ ಸಲೈನ್ ಹಾಕಿ ನೆನಸಿ ತಗಿ, ಜಗ್ಗಬ್ಯಾಡ. ಡಾಕ್ಟ್ರ ಕೊಟ್ಟ ನೋವಿನ ಗುಳಿಗಿ ಅರ್ಧ ತಾಸ ಮದ್ಲ ಕೊಟ್ರ ಅವ್ವಗ ಜೀವಾ ಹಗರ ಆಗ್ತೈತಿ. ಸಲೈನ್ ಬಾಟ್ಲಿ ಸಿಗಲಿಲ್ಲ ಅಂದ್ರ ಒಂದ ಲೀಟರ್ ನೀರ ಕುದಿಸಿ 9 ಗ್ರಾಂ ಉಪ್ಪ ಹಾಕು, ಸಪಾಟ ಒಂದೂವರಿ ಚಾ ಚಮಚ ಆಗ್ತೈತಿ, ಮುಚ್ಚಿ ಆರಿಸಿ ಅವತ್ತಿಂದ ಅವತ್ತ ಮುಗಸು.

ವಾರಕ್ಕೊಮ್ಮೆ ಅದ ದಿನ ಉದ್ದ ಅಗಲ ಆಳ ಅಳದ ಬರದಿಡು, ಮೊಬೈಲಿನ್ಯಾಗ ಫೋಟೋ ತಗಿ, ಬಾಜೂಕ ಸ್ಕೇಲ್ ಇಟ್ಟ ತಗಿ. ಎರಡ ವಾರಾದ್ರೂ ಏನೂ ಸುಧಾರಣಿ ಇಲ್ಲ ಅಂದ್ರ ಡ್ರೆಸ್ಸಿಂಗ್ ಒಂದ ಬದಲಿ ಮಾಡಿ ಕುಂಡರಬ್ಯಾಡ, ಒತ್ತ, ಊಟಾ, ಶುಗರ್, ಸೋಂಕ ಎಲ್ಲಾ ತಿರುಗಿ ನೋಡಬೇಕು. ರಬ್ಬರ್ ಶೀಟ್ ಇವತ್ತ ತಗದ ಒಗಿ, ಬೆವರ ಹಿಡೀತೈತಿ, ಮುದಡಿ ಆಗ್ತೈತಿ. ರಾತ್ರಿ ಏಳ ತಾಸ ಒಂದ ಮಗ್ಗಲ ಅಂತಿ, ಹಗಲಿ ಮಾಡಿದ್ದೆಲ್ಲಾ ಅಲ್ಲಿ ಹೋತು ನೋಡ ತಮ್ಮಾ. ಏರ್ ಬೆಡ್ ತರೂ ವಿಚಾರ ಮಾಡು.

ಹುನಗುಂದ ಸೊಸಿ:
ಸಿಸ್ಟರ್ ನೀವ ಹೇಳಿದ್ದೆಲ್ಲಾ ಖರೇ, ಆದ್ರ ರಾತ್ರಿ ಎರಡ ತಾಸಿಗೊಮ್ಮೆ ಏಳೂದ ಅಂದ್ರ ಏನಂತ ಮಾಡಿದಾವ್ರಿಗೇ ಗೊತ್ತ್ರಿ. ನಮ್ಮ ಅತ್ತಿಯವ್ರನ್ನ ನಾ ಒಬ್ಬಾಕಿನ ನೋಡಕೊಂಡಾಕಿ. ಮಗಾ ಡ್ಯೂಟಿ ಅಂತ ಮಲಗ್ತಾನ, ಮಗಳು ಫೋನಿನ್ಯಾಗ ಬುದ್ಧಿ ಹೇಳ್ತಾಳ, ನೋಡಾಕ ಬಂದ ಬೀಗರು ಮೂಗ ಮುಚ್ಚಿಕೊಂಡು "ಏನವಾ ಸೊಸಿ ಇದ್ದೂ ಹಿಂಗ ಆಗೇತಲ್ಲ" ಅಂತ ಅಂದ ಚಾ ಕುಡದ ಹೋಗ್ತಾರ. ಹೋಗ್ಲಿ ಬಿಡ್ರಿ ಅದು. ಮಲ್ಲಣ್ಣಾರ, ನಿಮ್ಮ ಮನಿಯಾಕಿಗೆ ರಾತ್ರಿ ಪಾಳಿ ನೀವ ತಗೋರಿ, ಇಲ್ಲಾಂದ್ರ ಹಗಲಿಯ ಪಾಳಿನೂ ನಿಮ್ಮ ಮ್ಯಾಲ ಬೀಳ್ತೈತಿ.

ಏರ್ ಬೆಡ್ ತಗೋಳೂದಾದ್ರ ಒಳಗ ಸಾಲ ಸಾಲ ಗಾಳಿ ತುಂಬಿ ಇಳಿಯೂ ಪಂಪಿಂದ ತಗೋರಿ, ನೀರಿಂದಲ್ಲ. ಅದರ ಮ್ಯಾಲ ಪ್ರೀತೀಲೆ ದಪ್ಪನ ಕೌದಿ ಹಾಕಬ್ಯಾಡ್ರಿ, ಹಾಕಿದ್ರ ಏರ್ ಬೆಡ್ ಇದ್ದೂ ಇಲ್ಲದಂಗ, ತೆಳ್ಳಂದ ಹತ್ತಿ ಚಾದರ ಒಂದ ಸಾಕು. ಕರೆಂಟ್ ಹೋದ್ರ ಪಂಪ್ ಬಂದ್, ನಮ್ಮಲ್ಲಿ ಹಳ್ಳಿ ಲೈನ್ ಗೊತ್ತಲ್ರಿ, ಒಂದ ಸಣ್ಣ ಇನ್ವರ್ಟರ್‌ಗೆ ಜೋಡಿಸಿದ್ವಿ ನಾವು. ಬೆಡ್ಡಿನ ಕೆಳಗ ಬಾಲದ ಎಲುಬಿನ ನೇರಕ್ಕ ಅಂಗೈ ಸೇರಿಸಿ ನೋಡ್ರಿ, ಎಲುಬ ಕೈಗೆ ಹತ್ತಿದ್ರ ಗಾಳಿ ಸಾಲೂದಿಲ್ಲಂತ ತಿಳೀರಿ. ಏರ್ ಬೆಡ್ ಐತಿ ಅಂತ ಹೊಳ್ಳಸೂದ ಬಿಡೂದಲ್ಲ ಮತ್ತ.

ಊಟಾ ಅಂದ್ರಲ್ಲ, ನಮ್ಮ ಡಯಟಿಷಿಯನ್ ಮೇಡಂ ಒಂದ ಕಿಲೋ ತೂಕಕ್ಕ 1.25ರಿಂದ 1.5 ಗ್ರಾಂ ಪ್ರೋಟೀನ್ ದಿನಾ ಬೇಕು ಅಂದ್ರು, ಅಂದ್ರ 50 ಕಿಲೋ ಇದ್ದಾರಂದ್ರ 62ರಿಂದ 75 ಗ್ರಾಂ. ಕಿಡ್ನಿ ತೊಂದ್ರಿ ಇದ್ರ ಮಾತ್ರ ಕೇಳೇ ಕೊಡ್ರಿ ಅಂದ್ರು. ಗಂಜಿ ಕುಡಿಸಿ ಅದು ತುಂಬೂದಿಲ್ರಿ. ಒಂದ ತತ್ತಿಗೆ 6 ಗ್ರಾಂ ಬರ್ತೈತಿ, ಆದ್ರ ನಮ್ಮ ಮನ್ಯಾಗ ತತ್ತಿ ಹೊಸ್ತಲಾ ದಾಟೂದಿಲ್ಲ. ಹೆಸರಬ್ಯಾಳಿ ಗಟ್ಟಿ ಕುದಿಸಿ ಅದರಾಗ ಹಾಲಿನ ಪುಡಿ, ಮೊಸರ, ಶೇಂಗಾ ಹುರದ ಸಣ್ಣಗ ಪುಡಿ ಮಾಡಿ ಕಲಸಿ, ಜುಣಕ ಮೆತ್ತಗ ಮಾಡಿ, ಮಡಕಿ ಕಾಳ ರುಬ್ಬಿ, ಹಿಂಗ ಏನೇನರ ಮಾಡಿ ಸ್ವಲ್ಪ ಸ್ವಲ್ಪ ಆರ ಸಲ ಉಣಸ್ತಿದ್ನಿ. ಲಕ್ವಾ ಆದಾವ್ರಿಗೆ ನುಂಗಾಕ ತ್ರಾಸ ಇರ್ತೈತಿ, ಕುಂಡರಿಸಿ ಗಟ್ಟಿ ಪದಾರ್ಥ ಚಮಚಲೆ ಉಣಸ್ರಿ, ಮಲಗಿಸಿ ಬಾಯಾಗ ಸುರೀಬ್ಯಾಡ್ರಿ.

ಮುಧೋಳ ಕಬ್ಬಿನಗದ್ದಿ:
ಎಲ್ಲಾರ ಮಾತ ಕೇಳಿ ನಂಗೂ ಒಂದ ಕೇಳೂದ ಐತಿ. ನಮ್ಮ ತಮ್ಮ ಟ್ರ್ಯಾಕ್ಟರ್ ಡಬ್ಬಿಯಿಂದ ಬಿದ್ದು ಟೊಂಕದ ಕೆಳಗ ಸ್ವಾಧೀನ ಇಲ್ಲ, ಹಗಲೆಲ್ಲಾ ವ್ಹೀಲ್‌ಚೇರಿನ್ಯಾಗ ಇರ್ತಾನ. ಕುಂಡರೂ ಎಲುಬಿನ ಕಡೆ ಎರಡೂ ಬಾಜೂ ಕಪ್ಪಗ ಆಗೇತಿ, ಇನ್ನೂ ಒಡದಿಲ್ಲ. ಸ್ಕೂಟರ್ ಟ್ಯೂಬಿಗೆ ಗಾಳಿ ಹಾಕಿ ಅದರ ಮ್ಯಾಲ ಕುಂಡರಸ್ತೀವಿ, ನಡುವ ತೆಗ್ಗ ಇರ್ತೈತಿ ಎಲುಬ ತಾಗೂದಿಲ್ಲ ಅಂತ. ಈಗ ಫೋಮ್ ಹಚ್ಚಬೇಕೇನ?

ಬಾಗಲಕೋಟಿ ಸಿಸ್ಟರ್:
ಅಯ್ಯ, ಆ ಟ್ಯೂಬ್ ಮದ್ಲ ತಗೀರಿ. ಉಂಗರದಂಗ ಸುತ್ತಲೂ ಒತ್ತಿ ನಡುವಿನ ತೊಗಲಿಗೆ ರಗತ ಬರೂದ ಬಂದ್ ಮಾಡ್ತೈತಿ, ಮಂದಿ ಎಲ್ಲಾ ಛಲೋ ಅಂತ ಅದನ್ನ ಮಾಡ್ತಾರ. ವ್ಹೀಲ್‌ಚೇರಿಗೆ ಅಂತನ ಮಾಡಿದ ಕುಶನ್ ಬರ್ತಾವ, ಫಿಜಿಯೋ ಹತ್ರ ಕೇಳಿ ತಗೋರಿ. ತಮ್ಮಗ ಕೈಯಾಗ ಶಕ್ತಿ ಇದ್ರ ಹದಿನೈದ ನಿಮಿಷದಿಂದ ಅರ್ಧ ತಾಸಿನ ಒಳಗ ಒಮ್ಮೆ ಕೈ ಊರಿ ಮೈ ಎತ್ತಬೇಕು, ಇಲ್ಲಾ ಮುಂದಕ್ಕ ಬಾಗಿ ಒಂದ ನಿಮಿಷ ಮ್ಯಾಲ ಇರಬೇಕು. ನಮ್ಮ ಮೈಬಣ್ಣಕ್ಕ ಕೆಂಪ ಕಾಣೂದಿಲ್ಲ, ಕಪ್ಪ ನೀಲಿ ಕಾಣ್ತೈತಿ, ಅದಕ್ಕ ಕೈಲೆ ಮುಟ್ಟಿ ನೋಡಬೇಕು, ಸುತ್ತಲಿಗಿಂತ ಬಿಸಿ ಐತೋ, ಗಟ್ಟಿ ಐತೋ, ಮೆತ್ತಗ ಆಗೇತೋ ಅಂತ. ಬೆರಳಿಲೆ ಒತ್ತಿ ಬಿಟ್ರ ಬಣ್ಣ ತಿಳಿ ಆಗಿ ಮತ್ತ ಬಂದ್ರ ಬರೋಬ್ಬರಿ, ಹಂಗ ಉಳದ್ರ ಒಳಗ ಪೆಟ್ಟ ಬಿದ್ದೈತಿ ಅಂತ. ಆ ಜಾಗಾ ತಿಕ್ಕಬ್ಯಾಡ್ರಿ, ಎಣ್ಣಿ ಹಚ್ಚಿ ಮಸಾಜ್ ಬ್ಯಾಡ. ಮೆತ್ತಗ ಕಪ್ಪ ಆಗಿದ್ರ ಫೋಮ್ ಗೀಮ್ ವಿಚಾರ ಬಿಟ್ಟು ಕುರ್ಚಿಯಿಂದ ಇಳಿಸಿ ಬೋರಲ ಮಲಗಿಸಿ ತೋರಿಸಿಕೊಂಡ ಬರ್ರಿ. ಸ್ಪರ್ಶ ಇಲ್ಲದಾವ್ಗ ನೋವ ಆಗೂದಿಲ್ಲ, ಅದಕ್ಕ ಅವ್ರಿಗೆ ಬ್ಯಾಗ ಆಳಕ್ಕ ಹೋಗ್ತೈತಿ.

ಇಂಡಿ ಇಂಜಿನಿಯರ್:
ಜೇನತುಪ್ಪದ ಬಗ್ಗೆ ಯಾರೂ ಹೇಳ್ಲಿಲ್ಲ. ಹೊಲದಾಗಿನ ಶುದ್ಧ ಜೇನ ನಮ್ಮಲ್ಲಿ ಸಿಗ್ತದ. ಮತ್ತ ಆ ಬೆಳ್ಳಿ ಜೆಲ್?

ಗುಮ್ಮಟನಗರಿ ಫಾರ್ಮಸಿ:
ಹೊಲದ್ದ ಜೇನ ರೊಟ್ಟಿ ಜೋಡಿ ತಿನ್ರಿ ಸರ. ಗಾಯಕ್ಕ ಹಾಕೂದು ಬ್ಯಾರೆ, ಅದನ್ನ ವಿಕಿರಣ ಹಾಯಿಸಿ ಜಂತು ಕೊಂದು ಪ್ಯಾಕ್ ಮಾಡಿರ್ತಾರ, ಹಸೀ ಜೇನಿನ್ಯಾಗ ಬ್ಯಾಕ್ಟೀರಿಯಾದ ಬೀಜ ಇರ್ತಾವ. ನೀವ ಹೇಳಿದ ಕಾಕ್ರೇನ್ ಲೆಕ್ಕದಾಗ ಅದೂ ಗೆದ್ದಿಲ್ಲ ಅಲ್ರಿ. ಬೆಳ್ಳಿ ಇದ್ದದ್ದು ಸೋಂಕ ಇದ್ದಾಗ ಎರಡ ವಾರದ ಮಟ್ಟಿಗೆ ಹಾಕಿ ನೋಡಿ ಬಿಡೂದು, ನಮ್ಮ ಗಿರಾಕಿಗಳು ಒಮ್ಮೆ ಯಾರೋ ಬರಕೊಟ್ಟ ಚೀಟಿ ಹಿಡಕೊಂಡು ತಿಂಗಳಾನಗಟ್ಲೆ ಒಯ್ತಾರ, ನಾನೂ ಹೇಳಿ ಹೇಳಿ ಸಾಕಾಗ್ಯದ. ಆಂಟಿಬಯೋಟಿಕ್ ಪುಡಿ ಉದರಸೂದೂ ಹಂಗ, ಗಾಯದ ಮ್ಯಾಲ ಹೆಪ್ಪಗಟ್ಟಿ ಕುಂಡರ್ತದ.

ಹುನಗುಂದ ಸೊಸಿ:
ವಾಸನಿಗೆ ನಮ್ಮ ಅತ್ತಿಯವ್ರಿಗೆ ಡಾಕ್ಟ್ರು ಮೆಟ್ರೊನಿಡಾಜೋಲ್ ಅನ್ನೂ ಆಂಟಿಬಯೋಟಿಕ್ ಜೆಲ್ ಕೊಟ್ಟಿದ್ರು, ಜೆಲ್ ಸಿಗದಾಗ ಅದ ಗುಳಿಗಿ ಕುಟ್ಟಿ ಪುಡಿ ಮಾಡಿ ಹಾಕಾಕ ಹೇಳಿದ್ರು, ವಾಸನಿ ಭಾಳ ಕಮ್ಮಿ ಆತ್ರಿ. ಕೇಳಿ ಹಾಕ್ರಿ ಮತ್ತ, ನಾ ಹೇಳಿದ್ನಿ ಅಂತ ಹಾಕಬ್ಯಾಡ್ರಿ.

ರಾಯಬಾಗ ಮಲ್ಲು:
ಎಲ್ಲಾರದೂ ಉಪಕಾರ ಆತ್ರಿ. ಸೋಮವಾರ ಬೆಳಗಾವಿಗೆ ಕರಕೊಂಡ ಹೊಂಟೀವಿ. ಇನ್ನೊಂದ ಕೇಳೂದ ಉಳದೈತಿ, ಅವ್ವಗ ಡೈಪರ್ ಹಾಕ್ತೀವಿ, ಗಾಯ ಇರೂದ ಅಲ್ಲೇ ಮ್ಯಾಲ. ಸಂಡಾಸ ಆದಾಗೆಲ್ಲಾ ಪಟ್ಟಿ ಹೊಲಸ ಆಗ್ತೈತಿ, ಫೋಮ್ ತಂದ್ರೂ ಅದ ಗತಿ ಆದ್ರ ರೊಕ್ಕಾ ನೀರಿನ್ಯಾಗ ಹಾಕಿದಂಗಲ್ರಿ. ಬೆವರಿಗೆ ಅಂಟೂ ನಿಲ್ಲೂದಿಲ್ಲ.

ಬಾಗಲಕೋಟಿ ಸಿಸ್ಟರ್:
ಛಲೋ ಪ್ರಶ್ನಿ ಕೇಳ್ದಿ, ಮಂದಿ ಡ್ರೆಸ್ಸಿಂಗ್ ಬಿಟ್ಟಬಿಡೂದ ಇಲ್ಲೇ. ಡೈಪರ್ ಹಗಲಿ ಆದಷ್ಟ ಬಿಚ್ಚಿ ಇಡು, ಕೆಳಗ ಹೀರೂ ಶೀಟ್ ಒಂದ ಹಾಸು. ಅಂಟಿಸೂ ಮುಂದ ಸುತ್ತಲಿನ ತೊಗಲ ತೊಳದು ಒತ್ತಿ ಒಣಗಿಸು, ತಿಕ್ಕಬ್ಯಾಡ, ಪೌಡರ್ ಎಣ್ಣಿ ಇರಬಾರದು. ಝಿಂಕ್ ಕ್ರೀಮ್ ಹಚ್ಚೂದಾದ್ರ ಡ್ರೆಸ್ಸಿಂಗ್ ಕುಂಡರೂ ಜಾಗಾ ಬಿಟ್ಟ ಹೊರಗ ಹಚ್ಚು, ಅದರ ಮ್ಯಾಲ ಯಾವ ಅಂಟೂ ನಿಲ್ಲೂದಿಲ್ಲ. ಕುಂಡಿ ಸೀಳಿನ ಕಡೆ ಮದ್ಲ ಒಳಗ ಒತ್ತಿ ಕುಂಡರಿಸಿ ಆಮ್ಯಾಲ ಮ್ಯಾಲಕ್ಕ ಬಾ, ಸಂಡಾಸ ನುಸಳೂದ ಕೆಳಗಿನ ಅಂಚಿಂದ. ಅಂಚಿಗೆ ಸುತ್ತಲೂ ಪೇಪರ್ ಟೇಪ್ ಹಚ್ಚಿದ್ರ ಬೆವರಿಗೆ ಎರಡ ದಿನ ಜಾಸ್ತಿ ತಡೀತೈತಿ. ಮ್ಯಾಲಷ್ಟ ಹೊಲಸ ಆದ್ರ ಒರಸಿ ಬಿಡು, ಬಿಚ್ಚಬ್ಯಾಡ. ಒಳಗ ಹೊಕ್ಕಿದ್ರ ಮಾತ್ರ, ಮುಂಜಾನೆನ ಹಾಕಿದ್ದ ಹೊಸಾದ ಇದ್ರೂ ತಗದ ತೊಳದ ಬ್ಯಾರೆ ಹಾಕು. ಹಗಲೆಲ್ಲಾ ತೆಳ್ಳಗ ಹೊಂಟಿದ್ರ ಸೋಮವಾರ ಡಾಕ್ಟ್ರಿಗೆ ಅದನ್ನೂ ಹೇಳು, ಮಲಬದ್ಧತಿ ಔಷಧ ಜಾಸ್ತಿ ಆಗಿರಬಹುದು.